ಸಮನ್ಸ್ ಮುಟ್ಟಿದೆ ಅಂತ ಹೇಳಿದ್ದು ಯಾರು?

ಇಂಗ್ಲಿಷ್ ಸಿನಿಮಾ ನೋಡುವವರಿಗೆ ಈ ದೃಶ್ಯ ಹೊಸದಲ್ಲ. ಒಬ್ಬ ತನ್ನ ಪಾಡಿಗೆ ಆಫೀಸಿನಿಂದ ಹೊರಗೆ ಬರ್ತಾನೆ. ಎದುರಿಗೆ ಹೂವಿನ ಗುಚ್ಛವೋ ಪಿಜ್ಜಾ ಡಬ್ಬಿಯೋ ಹಿಡಿದ ಅಪರಿಚಿತ ನಿಂತಿರ್ತಾನೆ. "ನೀವು ಇಂಥವರೇ ಅಲ್ವಾ?" ಅಂತ ನಗುತ್ತಾ ಕೇಳ್ತಾನೆ. ಹೌದು ಅಂದ ತಕ್ಷಣ ಕೈಗೊಂದು ಲಕೋಟೆ ತುರುಕಿ, ಸಮನ್ಸ್ ಜಾರಿಯಾಯ್ತು ಅಂತ ಹೇಳಿ ಹೊರಟುಬಿಡ್ತಾನೆ. 2008ರಲ್ಲಿ ಬಂದ 'ಪೈನಾಪಲ್ ಎಕ್ಸ್‌ಪ್ರೆಸ್' ಸಿನಿಮಾದ ನಾಯಕನ ಉದ್ಯೋಗವೇ ಇದು.

ಈ ಮನುಷ್ಯ ಪೊಲೀಸೂ ಅಲ್ಲ, ಕೋರ್ಟಿನ ನೌಕರನೂ ಅಲ್ಲ. ದಾವೆ ಹಾಕಿದವರು ಅಥವಾ ಅವರ ವಕೀಲರು ದುಡ್ಡು ಕೊಟ್ಟು ಗೊತ್ತುಮಾಡಿಕೊಂಡ ಖಾಸಗಿ ಆಳು. ಅಮೆರಿಕದಲ್ಲಿ ಇವನಿಗೆ ಪ್ರೊಸೆಸ್ ಸರ್ವರ್ ಅಂತಾರೆ. (ನಾವು ಐಟಿಯವರು ದಿನಾ ರೀಸ್ಟಾರ್ಟ್ ಮಾಡುವ ಸರ್ವರ್ ಬೇರೆ, ಇದು ಬೇರೆ.) ಅಲ್ಲಿನ ಫೆಡರಲ್ ಕೋರ್ಟುಗಳ ನಿಯಮ ತೀರಾ ಸರಳ: 18 ವರ್ಷ ತುಂಬಿರಬೇಕು, ಆ ಮೊಕದ್ದಮೆಯಲ್ಲಿ ವಾದಿಯೋ ಪ್ರತಿವಾದಿಯೋ ಆಗಿರಬಾರದು. ಅಷ್ಟಿದ್ದರೆ ಯಾರು ಬೇಕಾದರೂ ಕೋರ್ಟಿನ ಕಾಗದ ಕೊಟ್ಟು ಬರಬಹುದು.

ಹಳ್ಳಿಯಲ್ಲಿ ಬೆಳೆದ ನನ್ನಂಥವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುತ್ತೆ. ನಮ್ಮ ಕಡೆ ಕೋರ್ಟಿನ ಕಾಗದ ಅಂದ್ರೆ ಅಮೀನ. ಸರ್ಕಾರಿ ಕಡತದಲ್ಲಿ ಆ ಹುದ್ದೆಗೆ ಬೇಲಿಫ್ ಅಂತಲೋ ಆದೇಶ ಜಾರಿಕಾರ ಅಂತಲೋ ಹೆಸರಿದ್ದರೂ ಊರವರ ಬಾಯಲ್ಲಿ ಎಲ್ಲರೂ ಅಮೀನರೇ. ಬಸ್ಸಿಳಿದು ಕಂಕುಳಲ್ಲಿ ಕಡತ ಇಟ್ಟುಕೊಂಡು ಅವರು ಬಂದರೆ ಅರಳಿಕಟ್ಟೆಯಲ್ಲಿ ಕೂತವರೆಲ್ಲ "ಇವತ್ತು ಯಾರ ಮನೆಗೆ?" ಅಂತ ತಲೆ ಎತ್ತಿ ನೋಡೋರು. ಬದುವಿನ ಜಗಳವೋ ಪಾಲಿನ ಜಗಳವೋ, ಆ ಕಾಗದ ಮನೆಗೆ ಬಂದ ದಿನ ಒಲೆ ಹೊತ್ತಿಸೋಕೂ ಮನಸ್ಸಾಗ್ತಿರಲಿಲ್ಲ. ಅಂಥ ಕಾಗದವನ್ನು ತಲುಪಿಸೋಕೆ ಬಾಡಿಗೆ ಆಳು ಸಿಗ್ತಾನೆ ಅಂದ್ರೆ ಹೇಗೆ?

ಹೇಗೆ ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕಥೆ ನಾನಂದುಕೊಂಡಿದ್ದಕ್ಕಿಂತ ದೊಡ್ಡದಿತ್ತು. ಯಾಕಂದ್ರೆ ಇಲ್ಲಿ ಪಣಕ್ಕಿರೋದು ಒಂದು ಲಕೋಟೆಯಲ್ಲ. ನಿಮ್ಮ ಮೇಲೆ ಕೇಸಾಗಿದೆ ಅನ್ನೋದೇ ನಿಮಗೆ ಗೊತ್ತಾಗದಿದ್ದರೆ ನೀವು ಕೋರ್ಟಿಗೆ ಹೋಗಲ್ಲ. ನೀವು ಹೋಗದಿದ್ದರೆ ಎದುರಿನವರು ಹೇಳಿದ್ದಷ್ಟೇ ಕೋರ್ಟಿನ ಕಿವಿಗೆ ಬೀಳುತ್ತೆ, ಏಕಪಕ್ಷೀಯವಾಗಿ ಡಿಕ್ರಿ ಆಗುತ್ತೆ. ಮನೆ, ಸಂಬಳ, ಕೆಲವೊಮ್ಮೆ ಮದುವೆ, ಎಲ್ಲವೂ ನಿಮಗೆ ಗೊತ್ತಿಲ್ಲದೆಯೇ ಕೈಬಿಟ್ಟು ಹೋಗಬಹುದು. "ಕಾಗದ ಮುಟ್ಟಿದೆ" ಅಂತ ಕೋರ್ಟಿಗೆ ಯಾರು ಹೇಳ್ತಾರೆ, ಅವರ ಮಾತನ್ನು ಯಾಕೆ ನಂಬಬೇಕು ಅನ್ನೋ ಪ್ರಶ್ನೆಗೆ ಸಾವಿರಾರು ವರ್ಷಗಳಿಂದ ಬೇರೆ ಬೇರೆ ಉತ್ತರ ಕೊಡುತ್ತಾ ಬಂದಿದ್ದೇವೆ.

ಮೊದಲ ಉತ್ತರ: ದೂರು ಇರುವವನೇ ಹೋಗಿ ಕರೆದುಕೊಂಡು ಬರಲಿ. ಕ್ರಿಸ್ತಪೂರ್ವ ಐದನೇ ಶತಮಾನದ ರೋಮಿನ 'ಹನ್ನೆರಡು ಫಲಕ'ಗಳ ಕಾನೂನು ಶುರುವಾಗೋದೇ ಈ ವಿಷಯದಿಂದ. ವಾದಿ ಕರೆದರೆ ಪ್ರತಿವಾದಿ ನ್ಯಾಯಸ್ಥಾನಕ್ಕೆ ಬರಬೇಕು. ಬರದಿದ್ದರೆ ವಾದಿ ಸಾಕ್ಷಿಗಳನ್ನು ಇಟ್ಟುಕೊಂಡು ಅವನನ್ನು ಹಿಡಿದು ತರಬಹುದು. ಕಾಯಿಲೆಯೋ ಮುಪ್ಪೋ ಅಡ್ಡಿಯಾದರೆ ವಾದಿಯೇ ವಾಹನ ಒದಗಿಸಬೇಕು, ಆದರೆ ಮೆತ್ತೆ ಹಾಸಿದ ಗಾಡಿಯೇ ಆಗಬೇಕು ಅಂತೇನಿಲ್ಲ. ಕಟ್ಟುಮಸ್ತಾದ ವಾದಿಗೆ ಈ ವ್ಯವಸ್ಥೆ ಚೆನ್ನಾಗಿತ್ತು. ಬಡವನೊಬ್ಬ ಶ್ರೀಮಂತನನ್ನು ಅವನ ಮನೆಯಿಂದ ಎಳೆದು ತರಬೇಕಾದರೆ ಹೇಗೆ ಅನ್ನೋದು ನಿಮ್ಮ ಊಹೆಗೆ ಬಿಟ್ಟದ್ದು.

ನಮ್ಮಲ್ಲೂ ಇದರ ಹತ್ತಿರದ ಸಂಬಂಧಿ ಇತ್ತು. ಹೆಸರು 'ಆಸೇಧ'. ಎದುರಾಳಿ ಉತ್ತರ ಕೊಡದೆ ತಪ್ಪಿಸಿಕೊಳ್ಳೋ ಹಾಗೆ ಕಂಡರೆ, ರಾಜನ ಕಡೆಯಿಂದ ಕರೆ ಬರುವ ತನಕ ವಾದಿಯೇ ಅವನನ್ನು ತಡೆಹಿಡಿಯಬಹುದು. ಇಂಥ ಜಾಗ ಬಿಟ್ಟು ಹೋಗಬೇಡ, ಇಂಥ ಹೊತ್ತಿನ ತನಕ ಇರು, ಪ್ರಯಾಣ ಹೊರಡಬೇಡ, ಇಂಥ ಕೆಲಸ ಮಾಡಬೇಡ ಅಂತ ನಾಲ್ಕು ಬಗೆಯ ತಡೆಗಳನ್ನು ನಾರದ ಸ್ಮೃತಿ ಹೇಳುತ್ತೆ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಅಂದ್ರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ 'ಮಿತಾಕ್ಷರ'ದಲ್ಲೂ ಈ ಆಸೇಧದ ಚರ್ಚೆ ಇದೆ. ನನಗೆ ಇಷ್ಟವಾಗಿದ್ದು ಅದರ ವಿನಾಯಿತಿಗಳ ಪಟ್ಟಿ. ಕಾಯಿಲೆ ಬಿದ್ದವನನ್ನು, ಮದುವೆಗೆ ಹೊರಟವನನ್ನು, ದನ ಮೇಯಿಸುತ್ತಿರುವ ಗೋವಳನನ್ನು, ಬಿತ್ತನೆಯಲ್ಲಿರುವ ರೈತನನ್ನು, ಕೈಯಲ್ಲಿ ಕೆಲಸ ಹಿಡಿದಿರುವ ಕುಶಲಕರ್ಮಿಯನ್ನು ಆ ಹೊತ್ತಿನಲ್ಲಿ ತಡೆಯುವಂತಿಲ್ಲ. ಬಿತ್ತನೆ ತಪ್ಪಿದರೆ ವರ್ಷವೇ ತಪ್ಪುತ್ತೆ ಅನ್ನೋದು ಅದನ್ನು ಬರೆದವರಿಗೆ ಗೊತ್ತಿತ್ತು.

ಎರಡನೇ ಉತ್ತರ: ಕರೆ ತಲುಪಿಸೋದು ಸರ್ಕಾರದ ಕೆಲಸ. ಇಂಗ್ಲೆಂಡಿನಲ್ಲಿ ರಾಜನ ಹೆಸರಿನ ಆಜ್ಞಾಪತ್ರ ಶೆರಿಫ್‌ನ ಕೈಗೆ ಹೋಗ್ತಿತ್ತು, ಅವನ ಬೇಲಿಫ್‌ಗಳು ಅದನ್ನು ಜಾರಿ ಮಾಡೋರು. ಬ್ರಿಟಿಷರು ಭಾರತದಲ್ಲಿ 1859ರಲ್ಲಿ ಮೊದಲ ಸಿವಿಲ್ ಪ್ರಕ್ರಿಯಾ ಸಂಹಿತೆ ತಂದರು. ಈಗಲೂ ನಡೆಯುತ್ತಿರೋದು 1908ರ ಸಂಹಿತೆ, ವಕೀಲರ ಬಾಯಲ್ಲಿ ಸಿಪಿಸಿ. ಅದರ ಐದನೇ ಆದೇಶ ಪೂರ್ತಿ ಸಮನ್ಸ್ ಬಗ್ಗೆಯೇ ಇದೆ. ವಾದಿ ಪ್ರೊಸೆಸ್ ಫೀ ಕಟ್ಟಬೇಕು. ನಮ್ಮ ಕೋರ್ಟುಗಳ ಆವರಣದಲ್ಲಿ "ಪಿಎಫ್ ಕಟ್ಟಿದ್ರಾ?" ಅಂತ ಕೇಳಿದರೆ ಅದು ಪ್ರಾವಿಡೆಂಟ್ ಫಂಡ್ ಅಲ್ಲ, ಇದು. ಕೋರ್ಟಿನ ನೌಕರ ಕಾಗದ ತಗೊಂಡು ಹೋಗಬೇಕು. ಪ್ರತಿವಾದಿ ತಗೊಳ್ಳದಿದ್ದರೆ ಅಥವಾ ಹುಡುಕಿದರೂ ಸಿಗದಿದ್ದರೆ ಮನೆ ಬಾಗಿಲಿಗೆ ಅಂಟಿಸಬೇಕು. ಎಷ್ಟು ಹೊತ್ತಿಗೆ, ಹೇಗೆ, ಯಾರ ಎದುರು ಅಂತ ಷರಾ ಬರೆದು ಕೋರ್ಟಿಗೆ ವಾಪಸು ಒಪ್ಪಿಸಬೇಕು.

ಈ ವ್ಯವಸ್ಥೆಯಲ್ಲಿ ವಾದಿಗೂ ಕಾಗದ ಒಯ್ಯುವವನಿಗೂ ನಡುವೆ ಕೋರ್ಟು ನಿಂತಿದೆ. ಅದು ದೊಡ್ಡ ರಕ್ಷಣೆ. ಆದರೆ ಕಷ್ಟಗಳೂ ಇದ್ದವು. 'ಬಾಗಿಲು ಬೀಗ', 'ವಿಳಾಸದಲ್ಲಿಲ್ಲ', 'ಊರಲ್ಲಿಲ್ಲ' ಅನ್ನೋ ಷರಾಗಳಿಂದಲೇ ವರ್ಷಗಟ್ಟಲೆ ವಾಯಿದೆ ಮುಂದೆ ಹೋದ ಕೇಸುಗಳ ಕಥೆ ಪ್ರತಿ ಊರಿನಲ್ಲೂ ಇದೆ. ಕೈ ಬೆಚ್ಚಗೆ ಮಾಡಿದರೆ ಷರಾ ಬದಲಾಗುತ್ತೆ ಅನ್ನೋ ಗುಮಾನಿಯೂ ಹೊಸದಲ್ಲ. ಇನ್ನೊಂದು ವಿಷಯ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪ್ರತಿವಾದಿ ಮನೆಯಲ್ಲಿಲ್ಲದಿದ್ದರೆ ಕುಟುಂಬದ ವಯಸ್ಕರೊಬ್ಬರ ಕೈಗೆ ಸಮನ್ಸ್ ಕೊಡಬಹುದು ಅಂತ ನಿಯಮ ಇದೆಯಲ್ಲ, ಅದರಲ್ಲಿ 1976ರ ತಿದ್ದುಪಡಿಯ ತನಕ ಇದ್ದ ಮಾತು ವಯಸ್ಕ 'ಗಂಡಸು' ಅಂತ. ಗಂಡಸರೆಲ್ಲ ಹೊಲಕ್ಕೆ ಹೋಗಿರೋ ಹೊತ್ತಿನಲ್ಲಿ ಮನೆಯಲ್ಲಿರೋದು ಅವ್ವ, ಹೆಂಡತಿ, ಸೊಸೆ. ಮನೆ ನಡೆಸೋರು ಅವರು. ಕಾನೂನಿನ ಕಣ್ಣಿಗೆ ಮಾತ್ರ ಆ ಮನೆ ಖಾಲಿ.

ಮೂರನೇ ಉತ್ತರ ಮಾರುಕಟ್ಟೆಯದ್ದು. ಅದರ ಕಥೆಗೆ ಅಮೆರಿಕಕ್ಕೇ ಹೋಗಬೇಕು. ಅಲ್ಲಿ ಕಾಗದ ಕೈಗೆ ಕೊಡೋದಕ್ಕೆ ಯಾಕೆ ಅಷ್ಟು ಮಹತ್ವ ಬಂತು ಅನ್ನೋದರ ಹಿಂದೆ ಒಂದು ಭೂಮಿಯ ಜಗಳವಿದೆ, ನಮ್ಮೂರಲ್ಲೇ ನಡೆದಿರಬಹುದು ಅನ್ನಿಸುವಂಥದ್ದು.

ಒರೆಗನ್ ರಾಜ್ಯದಲ್ಲಿ ಮಾರ್ಕಸ್ ನೆಫ್ ಅನ್ನೋ ರೈತನಿದ್ದ. ತನ್ನ ಜಮೀನಿನ ಹಕ್ಕುಪತ್ರದ ವಿಷಯಕ್ಕೆ ಜಾನ್ ಮಿಚೆಲ್ ಅನ್ನೋ ವಕೀಲನನ್ನು ಹಿಡಿದ. ಮಿಚೆಲ್ ತನಗೆ ಬರಬೇಕಾದ 300 ಡಾಲರಿಗೂ ಕಡಿಮೆ ಫೀಸಿಗಾಗಿ ನೆಫ್ ಮೇಲೆಯೇ ಕೇಸು ಹಾಕಿದ. ನೆಫ್ ಆಗ ಒರೆಗನ್‌ನಲ್ಲಿ ಇರಲಿಲ್ಲ. ಮಿಚೆಲ್ ಪತ್ರಿಕೆಯೊಂದರಲ್ಲಿ ನೋಟಿಸ್ ಹಾಕಿಸಿ ಕೈತೊಳೆದುಕೊಂಡ. ನೆಫ್ ಬರಲಿಲ್ಲ, 1866ರಲ್ಲಿ ಏಕಪಕ್ಷೀಯ ತೀರ್ಪಾಯ್ತು. ಅದರ ವಸೂಲಿಗೆ ನೆಫ್‌ನ ಜಮೀನು ಹರಾಜಾಯ್ತು. ಹರಾಜಿನಲ್ಲಿ ಕೊಂಡವನು ಯಾರು ಅಂತೀರಾ? ಮಿಚೆಲ್ಲೇ. ಆಮೇಲೆ ಅದು ಸಿಲ್ವೆಸ್ಟರ್ ಪೆನೋಯರ್ ಅನ್ನೋನ ಕೈಗೆ ಹೋಯ್ತು. ವರ್ಷಗಳ ನಂತರ ನೆಫ್ ಬಂದು ನನ್ನ ಭೂಮಿ ನನಗೆ ಬೇಕು ಅಂತ ದಾವೆ ಹೂಡಿದ. 1878ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನೆಫ್ ಪರ ತೀರ್ಪು ಕೊಟ್ಟಿತು. ಒಬ್ಬ ವ್ಯಕ್ತಿಯ ಮೇಲೆ ಸಾಲದ ಹೊಣೆ ಹೊರಿಸಬೇಕಾದರೆ ಆ ರಾಜ್ಯದ ಗಡಿಯೊಳಗೆ ಅವನಿಗೆ ಖುದ್ದಾಗಿ ಸಮನ್ಸ್ ಕೊಟ್ಟಿರಬೇಕು, ಪತ್ರಿಕೆಯಲ್ಲಿ ಹಾಕಿಸಿದರೆ ಸಾಲದು ಅಂತ. ಈ ನಡುವೆ ಮಿಚೆಲ್ ಸೆನೆಟರ್ ಆಗಿದ್ದ, ಪೆನೋಯರ್ ಮುಂದೆ ಒರೆಗನ್‌ನ ಗವರ್ನರ್ ಆದ. ರಾಜಕೀಯ ಎಲ್ಲಾ ಕಡೆ ಒಂದೇ.

ಅಲ್ಲಿಂದ ಮುಂದೆ ಗಡಿಯೊಳಗೆ ಹಿಡಿದು ಕೈಗೆ ಕೊಡೋದೇ ಒಂದು ಆಟವಾಯ್ತು. ಅದು ಎಲ್ಲಿಗೆ ಮುಟ್ಟಿತು ಅಂದ್ರೆ, 1959ರ ಒಂದು ಕೇಸಿನಲ್ಲಿ ಮೆಂಫಿಸ್‌ನಿಂದ ಡಲ್ಲಾಸ್‌ಗೆ ಹೋಗುತ್ತಿದ್ದ ವಿಮಾನ ಅರ್ಕನ್ಸಾ ರಾಜ್ಯದ ಮೇಲೆ ಹಾರುತ್ತಿರುವಾಗ ಪ್ರಯಾಣಿಕನಿಗೆ ಸಮನ್ಸ್ ಕೊಟ್ಟರು. ಅದು ಅರ್ಕನ್ಸಾದಲ್ಲಿ ಕೊಟ್ಟ ಹಾಗೇ ಲೆಕ್ಕ ಅಂತ ಅಲ್ಲಿನ ಫೆಡರಲ್ ಕೋರ್ಟ್ ಒಪ್ಪಿಕೊಂಡಿತು. ನೆಲದ ಮೇಲಿನ ಗಡಿ ಆಕಾಶಕ್ಕೂ ಏರಿತ್ತು.

ಫೆಡರಲ್ ಕೋರ್ಟುಗಳಲ್ಲಿ ಈ ಕೆಲಸ ಬಹುಕಾಲ ಮಾರ್ಷಲ್ ಅನ್ನೋ ಸರ್ಕಾರಿ ಅಧಿಕಾರಿಗಳದ್ದಾಗಿತ್ತು. ಖಾಸಗಿ ಜಗಳಗಳ ಕಾಗದ ಹಂಚೋದು ಅವರಿಗೆ ಹೊರೆಯಾಯ್ತು, ಖರ್ಚೂ ಆಯ್ತು. 1982ರಲ್ಲಿ ಕಾಂಗ್ರೆಸ್ ಕಾನೂನು ಬದಲಿಸಿತು, 1983ರಿಂದ ಆ ಹೊರೆ ಬಹುಪಾಲು ಖಾಸಗಿಯವರ ಹೆಗಲಿಗೆ ಬಂತು. ರಾಜ್ಯಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ ಹತ್ತಕ್ಕಿಂತ ಹೆಚ್ಚು ಸಮನ್ಸ್‌ಗಳನ್ನು ದುಡ್ಡಿಗೆ ಜಾರಿ ಮಾಡುವವರು ಕೌಂಟಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ನ್ಯೂಯಾರ್ಕ್ ನಗರದಲ್ಲಿ ಲೈಸೆನ್ಸ್ ಬೇಕು. ಆ ಲೈಸೆನ್ಸಿನ ಅಗತ್ಯ ಯಾಕೆ ಬಂತು ಅನ್ನೋದೇ ಈ ಕಥೆಯ ಕರಾಳ ಭಾಗ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ನಿಮ್ಮ ಕಂಪನಿಗೆ ಒಬ್ಬ ಪ್ರತಿಸ್ಪರ್ಧಿ ಕೋಟಿಗಟ್ಟಲೆ ಬಾಕಿ ಇಟ್ಟಿದ್ದಾನೆ. ನೀವು ಖಾಸಗಿ ಆಳನ್ನು ಕಳಿಸ್ತೀರಿ. ಸಮನ್ಸ್ ನಿಜವಾಗಿ ಮುಟ್ಟಬೇಕು ಅನ್ನೋದೇ ನಿಮ್ಮ ಆಸೆ, ಯಾಕಂದ್ರೆ ಮುಟ್ಟಿಲ್ಲ ಅಂತ ಆತನ ವಕೀಲರು ನಾಳೆ ತೀರ್ಪನ್ನೇ ಉರುಳಿಸಬಹುದು. ಇಲ್ಲಿ ಖಾಸಗಿ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತೆ, ಸರ್ಕಾರಿ ನೌಕರನಿಗಿಂತ ಚುರುಕಾಗಿ. ಈಗ ಇನ್ನೊಂದು ಕೇಸು. ಕಂತಿನ ಮೇಲೆ ಟಿವಿಯನ್ನೋ ಮಂಚವನ್ನೋ ಕೊಂಡ ಬಡವನಿಂದ ಕೆಲವು ನೂರು ಡಾಲರ್ ಬರಬೇಕು. ಆತನಿಗೆ ವಕೀಲರಿಲ್ಲ. ಅವನು ಕೋರ್ಟಿಗೆ ಬಂದರೆ "ಟಿವಿ ಕೆಟ್ಟಿತ್ತು", "ಈ ಸಾಲ ನನ್ನದಲ್ಲ", "ಆಗಲೇ ಕಟ್ಟಿದ್ದೇನೆ" ಅಂತ ಏನೋ ಹೇಳಬಹುದು. ಬರದಿದ್ದರೆ ಏಕಪಕ್ಷೀಯ ತೀರ್ಪು, ನೇರ ಸಂಬಳಕ್ಕೆ ಕತ್ತರಿ. ಹೀಗಿರುವಾಗ ಸಮನ್ಸ್ ಮುಟ್ಟದಿರೋದೇ ಸಾಲಗಾರ ಕಂಪನಿಗೆ ಲಾಭ. ಕಾಗದ ಒಯ್ಯುವವನಿಗೆ ಸಿಗೋದು ಒಂದು ಸಮನ್ಸಿಗೆ ಪುಡಿಗಾಸು, ಅದೂ 'ಜಾರಿಯಾಗಿದೆ' ಅಂತ ಪ್ರಮಾಣಪತ್ರ ಕೊಟ್ಟರೆ. ನಾಲ್ಕನೇ ಮಹಡಿ ಹತ್ತಿ ಬಾಗಿಲು ತಟ್ಟುವ ಬದಲು ಕಾಗದವನ್ನು ಚರಂಡಿಗೆ ಎಸೆದು ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕಿದರೆ ಯಾರಿಗೆ ನಷ್ಟ? ಗೊತ್ತೇ ಆಗದವನೊಬ್ಬನಿಗೆ.

ನ್ಯೂಯಾರ್ಕ್‌ನಲ್ಲಿ ಇದಕ್ಕೆ ಹೆಸರೇ ಬಿತ್ತು: 'ಸೀವರ್ ಸರ್ವಿಸ್', ಚರಂಡಿ ಜಾರಿ. 1960ರ ದಶಕದಲ್ಲಿ ನಗರದ ಬಡ ಬಡಾವಣೆಗಳಲ್ಲಿ ಇದು ಮಾಮೂಲಿಯಾಗಿತ್ತು. ಸಂಬಳ ಕಡಿತವಾದ ದಿನವೇ ಎಷ್ಟೋ ಜನಕ್ಕೆ ತಮ್ಮ ಮೇಲೆ ಕೇಸಿತ್ತು ಅಂತ ಗೊತ್ತಾಗ್ತಿದ್ದದ್ದು. ಕೊನೆಗೆ ಫೆಡರಲ್ ಸರ್ಕಾರ ಕೆಲವು ಪ್ರೊಸೆಸ್ ಸರ್ವರ್‌ಗಳ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಿತು. "ನಾವು ಖಾಸಗಿಯವರು, ಅಧಿಕಾರ ದುರುಪಯೋಗದ ಕಾನೂನು ನಮಗೆ ಹೇಗೆ ಅನ್ವಯಿಸುತ್ತೆ?" ಅನ್ನೋದು ಅವರ ವಾದವಾಗಿತ್ತು. 1971ರ ವೈಸ್‌ಮನ್ ಪ್ರಕರಣದಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಸಮನ್ಸ್ ಜಾರಿ ಸಾರ್ವಜನಿಕ ಕೆಲಸ, ಅದನ್ನು ಮಾಡುವಾಗ ನೀವು ಸರ್ಕಾರದ ಅಧಿಕಾರವನ್ನೇ ಹೊತ್ತಿರ್ತೀರಿ ಅಂತ ಹೇಳಿ ಶಿಕ್ಷೆ ಎತ್ತಿಹಿಡಿಯಿತು. ಕೆಲಸವನ್ನು ಹೊರಗುತ್ತಿಗೆಗೆ ಕೊಡಬಹುದು, ಹೊಣೆಯನ್ನು ಕೊಡೋಕಾಗಲ್ಲ ಅನ್ನೋ ಅರ್ಥದ ಆ ತೀರ್ಪು ನಮ್ಮ ಉದ್ಯಮದವರಿಗೂ ಓದಿಸಬೇಕಾದ್ದು.

ಅಲ್ಲಿಗೆ ಮುಗೀತಾ? ಇಲ್ಲ. 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಆ್ಯಂಡ್ರೂ ಕ್ಯೂಮೊ, ಸುಳ್ಳು ಜಾರಿಯ ಆಧಾರದ ಮೇಲೆ ಆಗಿದ್ದ ಸುಮಾರು 1,00,000 ಏಕಪಕ್ಷೀಯ ತೀರ್ಪುಗಳನ್ನು ರದ್ದು ಮಾಡಿ ಅಂತ ಕೋರ್ಟಿಗೆ ಹೋದರು. ಅದೇ ವರ್ಷ ಶುರುವಾದ ಸೈಕ್ಸ್ ಪ್ರಕರಣದಲ್ಲಿ ಸಾಲಗಾರರೇ ಒಟ್ಟಾಗಿ ಸಾಲ ಖರೀದಿಸುವ ಕಂಪನಿ, ಅದರ ವಕೀಲರ ಸಂಸ್ಥೆ ಮತ್ತು ಸಮನ್ಸ್ ಜಾರಿ ಮಾಡುವ ಏಜೆನ್ಸಿಯ ಮೇಲೆ ದಾವೆ ಹೂಡಿದರು. ಅಲ್ಲಿ ಸುಳ್ಳು ಸಿಕ್ಕಿಬಿದ್ದ ರೀತಿ ನಮ್ಮಂಥವರಿಗೆ ಕುತೂಹಲದ್ದು. ಯಾರೂ ತನಿಖೆಗೆ ಬೀದಿ ಅಲೆಯಬೇಕಾಗಲಿಲ್ಲ. ಏಜೆನ್ಸಿಯ ದಾಖಲೆಗಳನ್ನೇ ಕಂಪ್ಯೂಟರಿಗೆ ಹಾಕಿ ಹೆಸರು, ದಿನ, ಸಮಯದ ಪ್ರಕಾರ ಜೋಡಿಸಿ ನೋಡಿದರು. ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಸಮನ್ಸ್ ಕೊಟ್ಟ ನೂರಾರು ಉದಾಹರಣೆ ಸಿಕ್ಕವು. ಕೇಸು ಸುಮಾರು 5.9 ಕೋಟಿ ಡಾಲರಿಗೆ ರಾಜಿಯಾಯ್ತು. ಒಂದು ಸರಳ ಕ್ವೆರಿ ಅಷ್ಟು ಕೆಲಸ ಮಾಡಿತ್ತು. ಆ ಕ್ವೆರಿಯನ್ನು ಅಷ್ಟು ವರ್ಷ ಯಾರೂ ಓಡಿಸಿರಲಿಲ್ಲ, ಯಾಕಂದ್ರೆ ದಾಖಲೆ ಕೈಯಲ್ಲಿದ್ದವರಿಗೆ ಅದರ ಉತ್ತರ ಬೇಕಿರಲಿಲ್ಲ.

2010ರಲ್ಲಿ ನ್ಯೂಯಾರ್ಕ್ ನಗರ ನಿಯಮ ಬಿಗಿ ಮಾಡಿತು. ಪ್ರತಿ ಸಲ ಸಮನ್ಸ್ ಕೊಡೋಕೆ ಹೋದಾಗಲೂ ಜಿಪಿಎಸ್ ದಾಖಲೆ ಇರಬೇಕು. ಒಬ್ಬೊಬ್ಬ ಸರ್ವರ್‌ಗೆ 10,000 ಡಾಲರಿನ, ಏಜೆನ್ಸಿಗೆ 1,00,000 ಡಾಲರಿನ ಬಾಂಡ್ ಇರಬೇಕು. ಸುಳ್ಳು ಹೇಳಿದರೆ ಕಳಕೊಳ್ಳೋಕೆ ಅವರ ಹತ್ತಿರವೂ ಏನಾದರೂ ಇರಲಿ ಅಂತ. ಫೆಡರಲ್ ನಿಯಮದಲ್ಲಿ 1993ರಿಂದ ಇನ್ನೊಂದು ಜಾಣತನದ ದಾರಿಯಿದೆ. ವಾದಿ ಅಂಚೆಯಲ್ಲಿ ಕಾಗದ ಕಳಿಸಿ "ಖುದ್ದು ಜಾರಿ ಬೇಡ ಅಂತ ಒಪ್ಕೊಳ್ತೀರಾ?" ಅಂತ ಕೇಳಬಹುದು. ಒಪ್ಪಿದರೆ ಉತ್ತರ ಕೊಡೋಕೆ 60 ದಿನ ಸಿಗುತ್ತೆ, ಇಲ್ಲದಿದ್ದರೆ 21 ದಿನ. ಸರಿಯಾದ ಕಾರಣವಿಲ್ಲದೆ ಒಪ್ಪದಿದ್ದರೆ ಜಾರಿ ಖರ್ಚು ಪ್ರತಿವಾದಿಯ ತಲೆಗೆ. ಅವಿತುಕೊಳ್ಳೋದಕ್ಕಿಂತ ಸಹಿ ಹಾಕೋದೇ ಲಾಭ.

ಹಾಗಾದ್ರೆ ಸರ್ಕಾರಿ ಅಮೀನರೇ ವಾಸಿ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಕೆಂಟಕಿಯ ಲೂಯಿವಿಲ್‌ನಲ್ಲಿ ಮನೆ ಖಾಲಿ ಮಾಡಿಸುವ ಕಾಗದ ಒಯ್ಯುತ್ತಿದ್ದವರು ಶೆರಿಫ್ ಕಚೇರಿಯವರೇ. ಬಡವರ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಬಾಗಿಲಿಗೆ ಅಂಟಿಸಿ ಹೋಗ್ತಿದ್ದರು. ಅದನ್ನು ಮಕ್ಕಳು ಕಿತ್ತುಹಾಕುತ್ತಾರೆ ಅಂತ ಅಂಟಿಸಿದವರಿಗೇ ಗೊತ್ತಿತ್ತು, ಸಾಕ್ಷಿಯಲ್ಲೂ ಹಾಗೇ ಹೇಳಿದರು. 1982ರಲ್ಲಿ ಸುಪ್ರೀಂ ಕೋರ್ಟ್ ಅಂಥ ಕಡೆ ಬರೀ ಅಂಟಿಸಿದರೆ ಸಾಲದು ಅಂದಿತು. ಅದಕ್ಕೂ ಮೊದಲು, 1950ರಲ್ಲಿ, ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅಮೆರಿಕದ ಮುಖ್ಯ ಪ್ರಾಸಿಕ್ಯೂಟರ್ ಆಗಿದ್ದ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಇದರ ಅಳತೆಗೋಲನ್ನು ಹೇಳಿಬಿಟ್ಟಿದ್ದರು. ಮುಲೇನ್ ಪ್ರಕರಣ ಅಂತ ಅದಕ್ಕೆ ಹೆಸರು. ವಿಳಾಸ ಗೊತ್ತಿದ್ದವರಿಗೂ ಬ್ಯಾಂಕು ಪತ್ರಿಕೆಯಲ್ಲಿ ನೋಟಿಸ್ ಹಾಕಿಸಿ ಸುಮ್ಮನಾಗಿತ್ತು. ಜಾಕ್ಸನ್ ತೀರ್ಪಿನ ತಾತ್ಪರ್ಯ ಇಷ್ಟು: ಶಾಸ್ತ್ರಕ್ಕೆ ಕೊಟ್ಟ ನೋಟಿಸ್ ನೋಟಿಸಲ್ಲ, ನಿಜವಾಗಲೂ ವಿಷಯ ತಿಳಿಸಬೇಕು ಅಂತ ಮನಸ್ಸಿರುವವನು ಯಾವ ದಾರಿ ಹಿಡಿಯುತ್ತಿದ್ದನೋ ಆ ದಾರಿ ಹಿಡಿದಿರಬೇಕು.

ನಮಗೆ ಹೊಂದುವ ಪ್ರಶ್ನೆ ಇದೇ. ಯಾಕಂದ್ರೆ ನಾವೂ ನಿಧಾನವಾಗಿ ಆ ಕಡೆಗೇ ಹೆಜ್ಜೆ ಹಾಕಿದ್ದೇವೆ. 2002ರ ಜುಲೈ 1ರಿಂದ ಜಾರಿಗೆ ಬಂದ ಸಿಪಿಸಿ ತಿದ್ದುಪಡಿ ಕೋರ್ಟು ಒಪ್ಪಿದ ಕೊರಿಯರ್, ಫ್ಯಾಕ್ಸ್, ಇ-ಮೇಲ್ ಮೂಲಕವೂ ಸಮನ್ಸ್ ಕಳಿಸಬಹುದು ಅಂದಿತು. ವಾದಿಯ ಕೈಗೇ ಸಮನ್ಸ್ ಕೊಟ್ಟು ತಲುಪಿಸಲು ಬಿಡೋಕೂ ಅವಕಾಶ ಮಾಡಿತು. ವಕೀಲರ ಭಾಷೆಯಲ್ಲಿ ಅದು 'ದಸ್ತಿ'. ದಸ್ತ್ ಅಂದ್ರೆ ಪಾರ್ಸಿಯಲ್ಲಿ ಕೈ. ರೋಮಿನ ಮೊದಲ ಉತ್ತರ ಹೊಸ ವೇಷದಲ್ಲಿ ವಾಪಸು ಬಂದ ಹಾಗೆ. ಈ ತಿದ್ದುಪಡಿಗಳ ಬಗ್ಗೆ ಸೇಲಂ ವಕೀಲರ ಸಂಘ ಹೂಡಿದ್ದ ಪ್ರಕರಣದಲ್ಲಿ 2005ರಲ್ಲಿ ತೀರ್ಪು ಕೊಟ್ಟ ನಮ್ಮ ಸುಪ್ರೀಂ ಕೋರ್ಟ್, ಕೊರಿಯರ್‌ಗಳಿಂದ ಸುಳ್ಳು ವರದಿ ಬರುವ ಅಪಾಯವನ್ನು ಗುರುತಿಸಿ, ಎಚ್ಚರ ವಹಿಸಿ ಅಂತ ಹೈಕೋರ್ಟುಗಳಿಗೆ ಹೇಳಿತು. 2020ರ ಜುಲೈನಲ್ಲಿ ಕೋವಿಡ್ ಕಾರಣಕ್ಕೆ ವಾಟ್ಸ್ಆ್ಯಪ್‌ನಂಥ ಆ್ಯಪ್‌ಗಳ ಮೂಲಕ ಕಳಿಸೋಕೂ ಒಪ್ಪಿಗೆ ಬಂತು. ಕೋರ್ಟಿನ ಜಾರಿಕಾರರಿಗೂ ಈಗ ಎನ್‌ಸ್ಟೆಪ್ ಅನ್ನೋ ವ್ಯವಸ್ಥೆ ಇದೆ. ಫೋನಿನಲ್ಲೇ ಜಾಗದ ಜಿಪಿಎಸ್ ಗುರುತು, ಫೋಟೋ ಹಾಕಬಹುದು. ನ್ಯೂಯಾರ್ಕ್ ಖಾಸಗಿಯವರಿಗೆ ಹಾಕಿದ ಮೂಗುದಾರವೇ ಇಲ್ಲಿ ಸರ್ಕಾರಿ ನೌಕರನ ಕೈಗೆ ಬಂದಿದೆ.

ಇನ್ನೊಂದು ತಿರುವು ನಮ್ಮ ಕನ್ನಡಿಗರ ಮನೆಗಳಿಗೇ ಸಂಬಂಧಿಸಿದ್ದು. ಗಂಡ ಸ್ಯಾನ್ ಹೋಸೆಯಲ್ಲಿ, ಹೆಂಡತಿ ಶಿವಮೊಗ್ಗದಲ್ಲಿ, ನಡುವೆ ವಿಚ್ಛೇದನದ ಕಾಗದ ಅನ್ನೋ ಪರಿಸ್ಥಿತಿ ಈಗ ಅಪರೂಪವಲ್ಲ. ಇಂಥದ್ದಕ್ಕೆ 1965ರ ಹೇಗ್ ಒಪ್ಪಂದ ಇದೆ, ಭಾರತದ ಮಟ್ಟಿಗೆ ಅದು 2007ರಿಂದ ಜಾರಿಯಲ್ಲಿದೆ. ನೇರವಾಗಿ ಅಂಚೆಯಲ್ಲಿ ಕಳಿಸುವಂಥ ಅಡ್ಡದಾರಿಗಳಿಗೆ ಭಾರತ ಆಕ್ಷೇಪ ಸಲ್ಲಿಸಿದೆ. ಹಾಗಾಗಿ ಅಮೆರಿಕದಿಂದ ಬರುವ ಕಾಗದ ದೆಹಲಿಯ ಕಾನೂನು ಸಚಿವಾಲಯದ ಮೂಲಕ, ಇಲ್ಲಿನ ಕೋರ್ಟಿನ ನೌಕರನ ಕೈಯಲ್ಲಿ ಬರಬೇಕು ಅನ್ನೋದು ಭಾರತದ ನಿಲುವು. ಶಿವಮೊಗ್ಗದಿಂದ ಅಲ್ಲಿಗೆ ಹೋಗುವ ಕಾಗದ? ಅಮೆರಿಕದ ನ್ಯಾಯ ಇಲಾಖೆ ಈ ಕೆಲಸವನ್ನು 2003ರಲ್ಲೇ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿದೆ. ನಮ್ಮ ಕೋರ್ಟಿನ ಮೊಹರು ಬಿದ್ದ ಸಮನ್ಸನ್ನು ಅಲ್ಲಿ ಬಾಗಿಲು ತಟ್ಟಿ ಕೊಡುವವನು ಆ ಸಿನಿಮಾದಲ್ಲಿ ಕಂಡಂಥ ಖಾಸಗಿ ಪ್ರೊಸೆಸ್ ಸರ್ವರ್ರೇ.

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸಿದ್ದು: ಖಾಸಗಿಯೋ ಸರ್ಕಾರಿಯೋ ಅನ್ನೋದು ಎರಡನೇ ಪ್ರಶ್ನೆ. ಕಾಗದ ಮುಟ್ಟದಿದ್ದರೆ ಯಾರ ಜೇಬಿಗೆ ಕತ್ತರಿ ಬೀಳುತ್ತೆ ಅನ್ನೋದು ಮೊದಲನೇದು. ಒಯ್ಯುವವನಿಗೂ ಕಳಿಸಿದವನಿಗೂ ನಷ್ಟವಾಗೋ ಹಾಗಿದ್ದರೆ ಅದು ಹೇಗಾದರೂ ಮುಟ್ಟುತ್ತೆ. ಫ್ರಾನ್ಸಿನಲ್ಲಿ ಇದನ್ನು ಮಾಡುವವರು ಫೀಸು ತಗೊಳ್ಳುವ ಸ್ವತಂತ್ರ ವೃತ್ತಿಯವರೇ, ಆದರೆ ಸರ್ಕಾರದಿಂದ ನೇಮಕವಾದ ಕಾನೂನು ಓದಿದ ಅಧಿಕಾರಿಗಳು. ಸುಳ್ಳು ಬರೆದರೆ ಹುದ್ದೆಯೇ ಹೋಗುತ್ತೆ. ನಾಳೆ ನಮ್ಮಲ್ಲೂ ಸಮನ್ಸ್ ಜಾರಿಯನ್ನು ಸ್ಟಾರ್ಟಪ್ ಒಂದು ಹತ್ತು ನಿಮಿಷದ ಡೆಲಿವರಿ ಥರ ಮಾಡಿಕೊಡ್ತೀನಿ ಅಂತ ಬಂದರೆ ನಾವು ಕೇಳಬೇಕಾದ್ದು ಎಷ್ಟು ಬೇಗ ಅಂತಲ್ಲ, ತಪ್ಪಿದರೆ ಯಾರು ಕಟ್ಟಿಕೊಡ್ತೀರಿ ಅಂತ.

ಯಾಕಂದ್ರೆ ಸುಲಭವಾಗಿ ಸಿಕ್ಕಿಹಾಕಿಕೊಳ್ಳೋರು ನಾವೇ. ಆಧಾರ್‌ನಲ್ಲಿ ಊರಿನ ವಿಳಾಸ, ಬ್ಯಾಂಕಿನಲ್ಲಿ ಮೂರು ವರ್ಷ ಹಿಂದಿನ ಪಿಜಿ ವಿಳಾಸ, ಇರೋದು ಇನ್ನೆಲ್ಲೋ ಬಾಡಿಗೆ ಮನೆಯಲ್ಲಿ. ಹಳೇ ಕ್ರೆಡಿಟ್ ಕಾರ್ಡಿನ ಜಗಳವೋ ಊರಿನ ಪಾಲಿನ ದಾವೆಯೋ ಕೋರ್ಟಿಗೆ ಹೋದರೆ ಕಾಗದ ಹೋಗೋದು ದಾಖಲೆಯಲ್ಲಿರುವ ವಿಳಾಸಕ್ಕೆ. ಅಲ್ಲಿ ಬಾಗಿಲಿಗೆ ಅಂಟಿಸಿದರೂ ಕಾನೂನಿನ ಲೆಕ್ಕದಲ್ಲಿ ಮುಟ್ಟಿದಂತೆಯೇ ಆಗಿಬಿಡಬಹುದು. ಹಾಗೆ ಏಕಪಕ್ಷೀಯ ಡಿಕ್ರಿ ಆಗಿದ್ದರೆ, ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ ಅಂತ ತೋರಿಸಿ ಸಿಪಿಸಿಯ 9ನೇ ಆದೇಶದ 13ನೇ ನಿಯಮದಡಿ ಅದನ್ನು ರದ್ದು ಮಾಡಿ ಅಂತ ಕೇಳೋಕೆ ದಾರಿಯಿದೆ. ಡಿಕ್ರಿ ಆಗಿದೆ ಅಂತ ನಿಮಗೆ ತಿಳಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು, ಆಮೇಲೆ ಹೋದರೆ ತಡಕ್ಕೆ ಕಾರಣ ಕೊಡಬೇಕಾಗುತ್ತೆ.

ಅಷ್ಟು ದೂರ ಹೋಗೋದಕ್ಕೆ ಮುಂಚೆ ಮಾಡಬಹುದಾದ ಕೆಲಸ ಎರಡು. ಬ್ಯಾಂಕು, ಆಧಾರ್‌ಗಳಲ್ಲಿ ವಿಳಾಸ ಸರಿಮಾಡಿಸಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ಕೋರ್ಟು ಆರಿಸಿಕೊಂಡು ಕಕ್ಷಿದಾರರ ಹೆಸರಿನಿಂದ ಹುಡುಕೋಕೆ ಬರುತ್ತೆ. ಈ ಶನಿವಾರ ನಿಮ್ಮ ಹೆಸರು ಒಮ್ಮೆ ಹಾಕಿ ನೋಡಿ, ಊರಿನಲ್ಲಿರುವ ಅಪ್ಪ-ಅಮ್ಮನ ಹೆಸರನ್ನೂ ಹಾಕಿ. ಐದು ನಿಮಿಷದ ಕೆಲಸ.